ಇಂಚಿಗೆ ಏಳು ಹೊಲಿಗೆ

ಮೇ ತಿಂಗಳ ಕೊನೆಯ ಶನಿವಾರ, ಲಗ್ಗೆರೆ.
ಮಧ್ಯಾಹ್ನದ ಮೇಲೆ ರಜೆ ಹಾಕಿ ಬಂದು ನಿಂತಿದ್ದೇನೆ.
ಶಾಲೆಯ ಹಿಂದಿನ ಸೈಕಲ್ ಶೆಡ್ಡಿನಲ್ಲಿ ಮೇಜು ಹಾಕಿ
ಯೂನಿಫಾರಂ ಕೊಡುತ್ತಿದ್ದಾರೆ. ಟೋಕನ್ ಎಪ್ಪತ್ತಾರು ನನ್ನದು.
ಎರಡು ಜೊತೆ, ಬುಧವಾರದ ಬಿಳಿ ಒಂದು, ಟೈ, ಬೆಲ್ಟು, ಸಾಕ್ಸು:
ನಾಲ್ಕು ಸಾವಿರದ ಇನ್ನೂರ ನಲವತ್ತು.
ಕಾರ್ಡು ಇಲ್ಲ, ಸ್ಕ್ಯಾನರ್ ಇಲ್ಲ.
ಬಿಲ್ಲು ಕೇಳಿದ್ದಕ್ಕೆ ಫಿಲೋಮಿನಾ ಮೇಡಂ
ಹಳೇ ಡೈರಿಯ ಹಾಳೆ ಹರಿದು ಮೊತ್ತ ಬರೆದರು,
ಯಾವುದರ ಮೊತ್ತ ಅಂತ ಬರೆಯಲಿಲ್ಲ.

ಮೇಲಿನ ಮನೆಯ ರುಕ್ಸಾನಾಳ ಮಗಳು ಹೋದ ವರ್ಷ ತೊಟ್ಟಿದ್ದು
ಇನ್ನೂ ಗಟ್ಟಿಯಿತ್ತು, ಒಗೆದು ಮಡಿಸಿ ಕೊಟ್ಟೂ ಇದ್ದಳು.
ಈ ಸಲ ಚೌಕಳಿಯೊಳಗೆ
ಒಂದು ಹಳದಿ ಗೆರೆ ಬಂದಿದೆ,
ಕೂದಲೆಳೆಯಷ್ಟು.
ಅದರ ಬೆಲೆಯನ್ನು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ:
ನನ್ನ ಎಂಟು ದಿನ,
ಒಂಬತ್ತನೆಯ ದಿನ ಊಟದ ಬೆಲ್ ಹೊಡೆಯುವವರೆಗೆ.

ನಾನು ಪೀಣ್ಯದಲ್ಲಿ ಚೆಕ್ಕರ್. ಹನ್ನೊಂದು ವರ್ಷವಾಯಿತು.
ಗಂಟೆಗೆ ಅರವತ್ತು ಶರ್ಟು ಕಣ್ಣ ಕೆಳಗೆ ಹಾಯುತ್ತವೆ,
ಎಲ್ಲೋ ಹಿಮ ಬೀಳುವ ದೇಶದ ಮಕ್ಕಳವು.
ಇಂಚಿಗೆ ಹನ್ನೆರಡು ಹೊಲಿಗೆ. ಹನ್ನೊಂದಾದರೆ ವಾಪಸ್ಸು.
ಗುಂಡಿ ಎಳೆದು ನೋಡಬೇಕು,
ಯಾವ ಮಗುವಾದರೂ ಬಾಯಿಗೆ ಹಾಕಿಕೊಂಡೀತೆಂದು.
ತಪ್ಪಿದ್ದಲ್ಲಿ ಕೆಂಪು ಬಾಣದ ಸ್ಟಿಕ್ಕರು.
ಸಂಜೆ ನೋಡಿದರೆ ಮೊಣಕೈಗೊಂದು, ವೇಲಿಗೊಂದು
ಅಂಟಿಕೊಂಡು ನನ್ನ ಜೊತೆ ಮನೆಗೇ ಬಂದಿರುತ್ತವೆ.

ರಾತ್ರಿ ಪ್ಲಾಸ್ಟಿಕ್ ಕವರು ಬಿಚ್ಚಿದೆ.
ಬೇಡವೆಂದರೂ ಬೆರಳು ತಾನೇ ಎಣಿಸಿತು.
ಇಂಚಿಗೆ ಏಳು.
ಕಂಕುಳಲ್ಲಿ ಓವರ್‌ಲಾಕ್ ಇಲ್ಲ.
ಕಾಲರಿನ ಒಂದು ಕಿವಿ ದೊಡ್ಡದು.
ಗುಂಡಿ ಎಳೆಯುವ ಮೊದಲೇ ಕೈಗೆ ಬಂತು.
ಬಟ್ಟೆಯೋ, ಕಡ್ಡಿ ಗೀರಿ ತೋರಿಸಿದರೆ ಕರಗುವ ಜಾತಿ,
ಮಡಿಸಿದರೆ ಚರಚರ ಅನ್ನುತ್ತದೆ.
ಜೂನಿನಲ್ಲಿ ಹೇಗೋ ನಡೆದೀತು,
ಮಾರ್ಚಿಗೆ ಬೆನ್ನ ತುಂಬ ಬೆವರುಸಾಲೆ.
ಬಕೆಟ್ಟಿನಲ್ಲಿ ಅದ್ದಿದ್ದೇ ತಡ
ಬೀಟ್‌ರೂಟ್ ಬೇಯಿಸಿದ ಹಾಗಾಯಿತು ನೀರು.

ಫೋನಿನಲ್ಲಿ ತಿಪ್ಪಮ್ಮಕ್ಕ ಅಂದಳು:
ತಗೊಂಡು ಹೋಗಿ ಮುಖದ ಮೇಲೆ ಎಸೆದು ಬಾ.
ಹೇಗೆ ಎಸೆಯಲಿ? ಫೀಸಿನ ಎರಡನೇ ಕಂತಿಗೆ
ದಸರಾ ತನಕ ಟೈಮು ಕೊಟ್ಟಿದ್ದೂ ಅದೇ ಫಿಲೋಮಿನಾ ಮೇಡಂ.
ಅವರ ಸೀರೆಯ ಫಾಲೂ ಬಿಟ್ಟಿತ್ತು ಅವತ್ತು. ನೋಡಿದ್ದೆ.

ಲಿಖಿತಾಳಿಗೆ ಇದೆಲ್ಲ ಯಾಕೆ, ಎರಡನೇ ಕ್ಲಾಸು.
ನನ್ನ ತೋಳಿನ ಬಾಣ ಕಿತ್ತುಕೊಂಡು ಆಟಕ್ಕೆ ಕೂತಳು.
"ಏನಮ್ಮಾ, ಕಣ್ಣು ಎಲ್ಲಿಟ್ಟಿದ್ದೆ? ಈ ಪೀಸು ರಿಜೆಕ್ಟು!"
ಥೇಟ್ ನನ್ನದೇ ದನಿ.
ಗೋಡೆಯ ಬಿರುಕಿಗೊಂದು, ಕುಕ್ಕರಿನ ಹಿಡಿಗೊಂದು,
ಹಲ್ಲು ಬಿದ್ದ ಜಾಗ ತೋರಿಸಲು ತುಟಿಯ ಮೇಲೊಂದು.
ನಕ್ಕು ಸಾಕಾಗಿ ಅವಳು ಮಲಗಿದ ಮೇಲೆ
ಸೂಜಿ ಹಿಡಿದೆ. ಕಂಕುಳು, ಪಕ್ಕೆ, ಐದೂ ಗುಂಡಿ.
ಲಂಗದ ಅಂಚನ್ನು ಮೂರು ಇಂಚು ಒಳಗೆ ಮಡಿಸಿದೆ.
ವರ್ಷಕ್ಕೊಂದು ಇಂಚು ಬಿಚ್ಚುವ ಆಸೆ,
ಆ ಹಳದಿ ಗೆರೆಗೆ ತಂಗಿ ಹುಟ್ಟದಿದ್ದರೆ.

ಸೋಮವಾರ ಗೇಟಿನ ಹತ್ತಿರ ಬಿಟ್ಟೆ.
ತಿರುಗಿ ನೋಡದೆ ಓಡಿದಳು,
ಪ್ರೇಯರಿನ ಸಾಲಿನಲ್ಲಿ ಯಾವುದು ನನ್ನದು ಅಂತ ಹುಡುಕುವ ಹಾಗಾಯಿತು.
ಆಮೇಲೆ ಕಂಡಿತು.
ಜೇಬಿನ ಮೇಲೆ ಶಾಲೆಯ ಲಾಂಛನ: ದೀಪ, ಪುಸ್ತಕ, ಎರಡು ಹಂಸ.
ಅದರ ಪಕ್ಕ, ಇಸ್ತ್ರಿಯ ಬಿಸಿಗೆ ಗಟ್ಟಿ ಅಂಟಿ ಕೂತ
ಒಂದು ಕೆಂಪು ಬಾಣ.

ಕರೆಯೋಣ ಅಂತ ಬಾಯಿ ತೆರೆದೆ.
ಅಷ್ಟರಲ್ಲಿ ಕಂಪನಿಯ ವ್ಯಾನು ಹಾರ್ನ್ ಹೊಡೆಯಿತು.
ಹತ್ತಿ ಕೂತು ಮತ್ತೊಮ್ಮೆ ನೋಡಿದೆ, ಚೆಕ್ಕರಿನ ಕಣ್ಣಲ್ಲಿ:
ಮೊನೆ ಎಳ್ಳಷ್ಟೂ ಆಚೀಚೆ ಆಗಿರಲಿಲ್ಲ.