ನಡಸಿ ನೋಡೋದು

ಮುಂಜಾನಿ ಗೂಡಿನ ಬಾಗಿಲಾ ತೆಗೆಯೂಕಿಂತ ಮೊದಲ
ಕಿವಿಗೊಟ್ಟು ನಿಂದ್ರತೀನಿ.
ಕತ್ತಲಾಗ ಉಸಿರು ಸುಳ್ಳು ಹೇಳೂದಿಲ್ಲ:
ಯಾವ ಗಂಟಲಾಗ ಗರಗರ, ಯಾವುದು ಸೀನತದ,
ಯಾವುದು ಹೊಟ್ಟಿ ತುಂಬಿದವರ ಹಂಗ
ನಿದ್ದಿಗಣ್ಣಿನಾಗ ಗೊಣಗತದ.

ಆಮ್ಯಾಲ ಬಾಗಿಲಾ.
ಶಹಾಬಾದಿ ಫರಸಿ ಮ್ಯಾಲ ಒಂದೊಂದೇ ಇಳೀತಾವ,
ಉಗುರು ಟಕಟಕ.
ಕಟ್ಟಿ ಮ್ಯಾಲ ಕುಂತು ಕಾಲು ನೋಡತೀನಿ,
ಮುಖ ಆಮ್ಯಾಲ.

ಆರು ತಿಂಗಳ ಹುಂಜ ಹನ್ನೊಂದು. ಬೀಜಕ್ಕ ಇಡೂದು ಎರಡು.
ಚಿತ್ತಾಪುರದ ಮಶಾಕ ಸಾಬ ಗಾಡಿಗೆ ಬುಟ್ಟಿ ಕಟಗೊಂಡು ಬಂದು
"ಆ ಕೆಂಪಂದು ಇಟಗೋ ಅಕ್ಕಾ, ಮೂರು ಕಿಲೋ ಅದ,
ಉಳದದ್ದು ನನಗ ಕೊಡು" ಅಂತಾನ.
ಕೆಂಪಂದನ್ನೇ ಅವಗ ಕೊಡತೀನಿ.
ಎದಿ ಎಲುಬು ಬೆರಳಾಗ ಹಿಡದು ನೋಡೀನಿ,
ಸವದ ಕುಳದಂಗ ಒಂದು ಕಡಿ ವಾಲ್ಯಾದ.

ನಾ ಇಡೂದು ಆ ಬೂದಿಬಣ್ಣದಂದು.
ಸಾಬ ನಗತಾನ. ನಗಲಿ.
ಹುಳ ಸಿಕ್ಕರ ಅದು ತಾನ ನುಂಗೂದಿಲ್ಲ,
ಎತ್ತಿ ಎತ್ತಿ ಕೆಳಗ ಇಡತದ,
ಕುಟುಕುಟು ಅಂತ ಹ್ಯಾಟಿಗಳನ್ನ ಕರೀತದ.
ಹದ್ದಿನ ನೆರಳು ಬಿದ್ದರ ಮೊದಲ ಕೂಗತದ,
ಕಡೀಕ ಓಡತದ.
ತಕ್ಕಡ್ಯಾಗ ಇದನ್ನ ಹ್ಯಾಂಗ ತೂಗಲಿ?

ಆಯಿ ದ್ಯಾವಮ್ಮ ಕಲಿಸಿದ್ದು:
ಹ್ಯಾಟಿ ಬಾಲದ ಕೆಳಗ, ಎರಡು ಎಲುಬಿನ ನಡುವ
ಮೂರು ಬೆರಳು ಹಿಡಿಸಿದರ ತತ್ತಿ ಇಡತದ,
ಒಂದೇ ಹಿಡಿಸಿದರ ಬರೇ ಜೋಳ ತಿಂತದ.
"ಯಾರ ಬೆರಳು ಆಯಿ, ನಿನ್ನವೋ ನನ್ನವೋ?"
ಅಂದಿದ್ದಕ್ಕ ತಲಿ ಮ್ಯಾಲ ಮೊಟಕಿದ್ದಳು.

ಎರಡು ವರ್ಷಕ್ಕೊಮ್ಮೆ ಕಾಳಗಿ ಜೈನಬಿ ಕೂಡ
ಹುಂಜ ಅದಲಿ ಬದಲಿ. ಅಪ್ಪಗ ಮಗಳನ್ನ ಕೂಡಿಸಬಾರದು,
ರಕ್ತ ನಿಂತ ನೀರಿನಂಗ ಪಾಚಿ ಹಿಡೀತದ.
ಬಸ್ಸಿನಾಗ ಚೀಲ ಕೂಗತದ,
ಕಂಡಕ್ಟರ ಅರ್ಧ ಟಿಕೇಟ ಹರೀತಾನ.

ನನ್ನನ್ನೂ ಒಮ್ಮೆ ನಡಸಿ ನೋಡಿದ್ದರು,
ಸೇಡಂ ಕಡಿಯವರು, ಆರು ಮಂದಿ, ಇದೇ ಫರಸಿ ಮ್ಯಾಲ.
ಎಡಗಾಲು ಎಳಕೋತ ಚಹಾ ತಂದೆ, ಬಸಿಯಾಗ ಚೆಲ್ಲಿತ್ತು.
ಹುಡುಗನ ಸೋದರತ್ತಿ ಕಾಲು ನೋಡಿದಳು,
ಮುಖ ಆಮ್ಯಾಲ.
ಆಕಿ ಮ್ಯಾಲ ಸಿಟ್ಟಿಲ್ಲ ಅಂದರ ಸುಳ್ಳಾಗತದ.
ನಂದು ಮೂರನೇ ವರ್ಷದ ಜ್ವರದ ಕಾಲು, ರಕ್ತದ್ದಲ್ಲ.
ಆಕಿ ಕೇಳಲೇ ಇಲ್ಲ.

ನಾ ಕೇಳತೀನಿ.
ಕಾಲು ಅಗಲ ಬಿಟ್ಟು ಕುಂತ ಮರಿ ಅಂಗೈಯಾಗ ಎತ್ತಿ
ಕೇಳತೀನಿ: ತತ್ತಿಯಾಗಿಂದ ತಂದಿದ್ದೇನ,
ಇಲ್ಲಾ ನನ್ನ ಜಾರೋ ಫರಸಿ ಮಾಡಿದ್ದೇನ?
ಈಗ ಫರಸಿ ಮ್ಯಾಲ ತೊಗರಿ ಹೊಟ್ಟು ಹಾಸೀನಿ.
ಹನ್ನೊಂದರಾಗ ಎಂಟು ಕಾಲು ನೆಟ್ಟಗಾದವು.
ಉಳದ ಮೂರರದು ರಕ್ತವೇ ಇರಬೇಕು.

ಹೋದ ಬ್ಯಾಸಗಿ ಕೊಕ್ಕರೆ ರೋಗ ಬಂತು.
ಲಸಿಕಿ ಹಾಕಿಸೂ ದಿನ ತಪ್ಪಿಸಿದ್ದೆ, ತಪ್ಪು ನಂದು.
ನಲವತ್ತರಾಗ ಹದಿನೇಳು ಉಳದವು.
ಚುಕ್ಕಿ ಹ್ಯಾಟಿ ಕುತ್ತಿಗಿ ತಿರುವಿ ಬಿತ್ತು,
ಹನ್ನೆರಡು ದಿನ ಮಡಿಲಾಗ ಇಟ್ಟು
ಅಂಬಲಿ ಹನಿ ಹನಿ ಬಿಟ್ಟೆ.
ಬದುಕಿತು. ಕುತ್ತಿಗಿ ಇನ್ನೂ ಸೊಟ್ಟ,
ಆಕಾಶದಾಗ ಏನೋ ಮರತು ಬಂದವರಂಗ ನೋಡತದ.

ಬೀಳದೇ ಉಳದವುಗಳ ತತ್ತಿನೇ ಬೀಜಕ್ಕ,
ಅದು ಕಾಯಿದೆ. ನಾನ ಮಾಡಿದ್ದು.
ಚುಕ್ಕಿ ತತ್ತಿ ಒಗ್ಗರಣಿ ಬೋಗಾಣಿಗೆ.

ಆದರ ಎಂಟು ದಿನದ ಹಿಂದ
ಕಾವಿನ ಬುಟ್ಟಿಯಾಗ ಹನ್ನೆರಡು ಎಣಿಸಿಟ್ಟು
ಹದಿಮೂರನೇದಕ್ಕ ಇದ್ದಲಿ ಗೆರಿ ಎಳದೆ.
ಯಾಕ ಅಂತ ಕೇಳಬ್ಯಾಡ್ರಿ.
ನಿನ್ನಿ ರಾತ್ರಿ ಬ್ಯಾಟರಿ ಹಿಡದು ನೋಡಿದೆ:
ಗೆರಿ ಹಿಂದ ಕೆಂಪು ನರ, ಜಾಲಿ ಬೇರಿನಂಗ,
ನಡುವ ಒಂದು ಚುಕ್ಕಿ
ಪುಟಪುಟ ಅನಲಿಕತ್ತಿತ್ತು.

ಇಪ್ಪತ್ತೊಂದನೇ ದಿನ ಮಂಗಳವಾರ ಬರತದ.
ಅವತ್ತ ಚಿತ್ತಾಪುರಕ್ಕ ಹೋಗಬೇಕಿತ್ತು,
ಹೋಗೂದಿಲ್ಲ.