ಒಂದರಿಂದ ಐದರೊಳಗ

ಕಾಲೇಜಿನ ಹುಡುಗಿ ಕೊಟ್ಟು ಹೋದ ಹಾಳಿ ನಲವತ್ತು.
ಓದಾಕ ಬರದವರಿಗಿ ನೀವೇ ಓದಿ ಹೇಳ್ರಿ ಮುನೀಮರೇ, ಅಂದ್ಲು.
ಕಪನೂರಿನ ದಾಲ್ ಮಿಲ್ಲು. ಕರೆಂಟು ಹೋದ ಮಧ್ಯಾಹ್ನ.
ತೊಗರಿ ಚೀಲದ ಮ್ಯಾಲ ಕುಂತು
ಒಬ್ಬೊಬ್ಬರಿಗೇ ಕರದು ಕೇಳಿದೆ:
ಈ ಕೆಲಸದಾಗ ನಿಮಗ ತೃಪ್ತಿ ಅದ ಏನು?
ಒಂದಂದ್ರ ಇಲ್ಲವೇ ಇಲ್ಲ, ಐದಂದ್ರ ಭಾಳ.

ಮಹಿಬೂಬ ಐದಂದ.
ರೋಲಿನ ಮುಂದ ಹನ್ನೊಂದು ವರ್ಷ ನಿಂತಂವ.
ಕಣ್ಣು ಮುಚ್ಚಿ ಬರೀ ಸಪ್ಪಳ ಕೇಳಿ ಹೇಳ್ತಾನ:
ಕಾಳು ಇನ್ನಾ ಹಸಿ ಅದ,
ಎಣ್ಣಿ ಕಡಿಮಿ ಬಿದ್ದದ,
ಒಂದು ನೂಲು ಸಡಿಲ ಬಿಡ್ರಿ, ನುಚ್ಚಾಗ್ತದ.
ಅಂಚು ಮುಕ್ಕಾಗದ ಬ್ಯಾಳಿ ಮುಷ್ಟಿ ತುಂಬ ಎತ್ತಿ
ಕಿಡಕಿ ಬೆಳಕಿಗಿ ಹಿಡದು
ತನಗ ತಾನೇ ನಗ್ತಾನ.
ಯಾರೂ ನೋಡಲ್ಲ ಅಂತ ತಿಳದಾನ.

ಶಾಣಮ್ಮ ಪ್ರಶ್ನಿ ಮುಗಿಯೂದ್ರೊಳಗೇ ಒಂದಂದ್ಲು.
ಒಂದರ ಕೆಳಗ ಏನೂ ಇಟ್ಟಿಲ್ಲೇನು ಆ ಹುಡುಗಿ?
ಇಪ್ಪತ್ತಾರು ವರ್ಷ ಇದೇ ಹೊಟ್ಟು, ಇದೇ ಕೆಮ್ಮು,
ಸಂಜಿಕ ತಲಿ ಝಾಡಿಸಿದ್ರ ಒಂದು ಎಮ್ಮಿ ಮೇಯೂವಷ್ಟು ಬೀಳ್ತದ.
ಸಾವಕಾರಗ ಬೈಯದ ದಿವಸ
ಆಕಿಗಿ ರೊಟ್ಟಿ ಇಳಿಯಂಗಿಲ್ಲ.

ಎರಡನೇ ಪ್ರಶ್ನಿ: ಬ್ಯಾರೆ ಕಡಿ ಛಲೋ ಪಗಾರ ಸಿಕ್ಕರ
ಇಲ್ಲಿಂದ ಹೋಗತೀರೇನು?

ಎದಕ್ಕ ಹೋಗಲಿ? ಅಂದ್ಲು ಶಾಣಮ್ಮ.
ಅಲ್ಲಿ ಸಾವಕಾರ ಯಾರೋ ಏನೋ.
ಬೈಲಾಕಾದ್ರೂ ಗುರ್ತಿನ ಮಂದಿ ಬೇಕಲ್ಲ ಮುನೀಮಾ.
ಸೆರಗು ಕಟ್ಟಿಕೊಂಡು ಹ್ವಾದ್ಲು, ಛಾನಣಿ ಕಡಿ.

ಮಹಿಬೂಬ ಮಾತಾಡಲಿಲ್ಲ.
ಕೈಯ ಎಣ್ಣಿ ಚಿಂದಿಗಿ ಒರಸಿದ,
ಒರಸಿದ್ದೇ ಮತ್ತ ಒರಸಿದ.
ಇದೊಂದು ಖಾಲಿ ಬಿಡ್ರಿ ಅಂದ.

ಮುಂದಿನ ಒಂದನೇ ತಾರೀಕಿಗಿ ಅಂವ ಬರಲಿಲ್ಲ.
ಹುಮನಾಬಾದ ರೋಡಿನ ಹೊಸ ಮಿಲ್ಲಿನ್ಯಾಗ ಅದಾನಂತ.
ಎರಡು ಸಾವಿರ ಜಾಸ್ತಿ ಕೊಟ್ಟಾರ, ಅಂದ್ರು ಮಂದಿ.
ಗಂಜಿನ್ಯಾಗ ಭೆಟ್ಟಿ ಆದಾಗ ನಾನೇ ಕೇಳಿದೆ.
ರೊಕ್ಕ ಅದ, ಇಲ್ಲಂತಿಲ್ಲ, ಅಂದ.
ಖರೇ ಅಂದ್ರ ಅಲ್ಲಿ ರೋಲು ಹೊಸಾದು ಮುನೀಮ್‌ಸಾಬ್,
ಅದರ ದನಿ ಒಮ್ಮಿ ಕೇಳಿದ್ದೆ, ಹೊರಗ ನಿಂತು.
ಆಮ್ಯಾಲ ನಿದ್ದಿ ಬರಲಿಲ್ಲ.

ನಮ್ಮ ಮಿಲ್ಲಿನ್ಯಾಗ ನುಚ್ಚು ಹೆಚ್ಚಾಗ್ಯದ.
ಸಾವಕಾರ ದಿನಾ ತಕ್ಕಡಿ ನೋಡ್ತಾನ, ರೋಲಿಗಿ ನೋಡಂಗಿಲ್ಲ.

ಹುಡುಗಿ ತಿರುಗಿ ಬಂದ್ಲು, ಲೆಕ್ಕದ ಗೆರಿ ತೋರಿಸಿದ್ಲು:
ತೃಪ್ತಿ ಏರಿದಂಗ ನಿಷ್ಠಾ ಏರ್ತದ ನೋಡ್ರಿ,
ಮೆಟ್ಲ ಇಟ್ಟಂಗ.
ಈ ಎರಡು ಹಾಳಿ ಅಷ್ಟೇ ಎಲ್ಲಿಯೂ ಕೂಡಂಗಿಲ್ಲ.
ತಗದು ಬಿಡಲೇನು?

ಮೂವತ್ತು ವರ್ಷ ಪೈಸಾ ಪೈಸಾ ಮೇಳ ಹಚ್ಚಿದ ಕೈ ನನ್ನವು.
ಒಂದು ರೂಪಾಯಿ ತಾಳಿ ಬೀಳದಿದ್ರ
ರಾತ್ರಿ ಹನ್ನೊಂದರ ತನಕ ಕುಂತು ಹುಡಕಿದಂವ.
ಇರಲಿ ಬಿಡವ್ವಾ, ಅಂದೆ.

ಹೊರಗ ಶಾಣಮ್ಮ ಬೈಲಾಕ ಸುರು ಮಾಡಿದ್ಲು.
ಈಗೀಗ ಸಾವಕಾರನ ಹೆಸರು ಮುಗಿದ ಮ್ಯಾಲ
ಮಹಿಬೂಬನ ಹೆಸರು ಬರ್ತದ.

ನನ್ನ ಹಾಳಿ? ಎರಡಕ್ಕೂ ಮೂರು ಬರದಿದ್ದೆ.
ಅದು ಆಕಿ ಗೆರಿ ಮ್ಯಾಲ
ಸರೀ ಕುಂತಿತ್ತು.