ಚೀಟಿ ಇಲ್ಲದೆ ಬಟ್ಟೆ ಕೊಡುವುದಿಲ್ಲ

ಬೋರ್ಡು ಬರೆದವಳು ನಾನೇ. ಮೂವತ್ತೊಂದು ವರ್ಷದ ಹಿಂದೆ,
ಯಾರದೋ ತುಪ್ಪಳದ ಕೋಟನ್ನು ಇನ್ಯಾರೋ ಹೊತ್ತೊಯ್ದ ಮರುದಿನ,
ಕೆಂಪು ಬಣ್ಣದಲ್ಲಿ, ಕೈ ನಡುಗದೆ.
ಟೊಲೆಡೊದಲ್ಲಿ, ಗಾಜು ಮಾಡುವ ಈ ಊರಲ್ಲಿ,
ವರ್ನೆಲ್ ಟಬ್ಸ್ ಬಟ್ಟೆ ಕಳೆದಳು ಎಂದು
ಆಮೇಲೆ ಯಾರೂ ಅಂದದ್ದಿಲ್ಲ.

ಜನ ನನಗೆ ಮುಖಕ್ಕಿಂತ ಕಾಲರಿನಿಂದ ಗೊತ್ತು.
ಪಾದ್ರಿಯ ಕಂಕುಳ ಬೆವರು, ಟೀಚರಮ್ಮನ ಸೀಮೆಸುಣ್ಣ,
ಯಾರ ಸೊಂಟ ಈ ವರ್ಷ ಎರಡಿಂಚು ಬೆಳೆಯಿತು,
ಯಾರದು ಕರಗಿತು, ಯಾಕೆ.
ಪೊಲೀಸರ ಸಮವಸ್ತ್ರಕ್ಕೆ ನೂರಕ್ಕೆ ಹತ್ತು ರಿಯಾಯಿತಿ.
ಗುರುವಾರಕ್ಕೊಮ್ಮೆ ಕೊವಾಚ್ ಮೂರು ಜೊತೆ ತಂದು
'ಗೆರೆ ಚೂಪಾಗಿರಲಿ, ಮಿಸೆಸ್ ಟಬ್ಸ್' ಎನ್ನುತ್ತಿದ್ದ.
ಒಮ್ಮೆ ಅವನ ಜೇಬಲ್ಲಿ ಕೂಸಿನ ರಬ್ಬರ್ ನಿಪ್ಪಲ್ ಸಿಕ್ಕಿತ್ತು.
ಬಿಸಿನೀರಲ್ಲಿ ತೊಳೆದು, ಲಕೋಟೆಯಲ್ಲಿಟ್ಟು ಕೊಟ್ಟಿದ್ದೆ.

ಕೋರ್ಡೆಲ್ ತಂದದ್ದು ಒಂದೇ ಸೂಟು. ಕಡುನೀಲಿ.
ಸೆಕೆಂಡ್‌ಹ್ಯಾಂಡು, ಒಳಗೆ ಬೇರೆ ಯಾರದೋ ಹೆಸರು ಹೊಲಿದದ್ದು.
ತಂಗಿಯ ಗ್ರ್ಯಾಜುಯೇಷನ್ನಿಗೆ, ಎಂದ. ತೋಳು ಗಿಡ್ಡ, ಬಿಚ್ಚಿ ಇಳಿಸಿ.
ಆ ಹೆಸರನ್ನೂ ಕಿತ್ತುಬಿಡಲೇ ಎಂದೆ.
ಇರಲಿ, ಅವನೂ ಬರಲಿ ನಮ್ಮ ಜೊತೆ, ಅಂತ ನಕ್ಕ.
ಹಳದಿ ಚೀಟಿ ಹರಿದು ಕೊಟ್ಟೆ. ಎಂಟುನೂರ ಅರವತ್ತೆರಡು.
ಶುಕ್ರವಾರ ಆರರೊಳಗೆ ಬಾ, ಮರೀಬೇಡ.

ಮರೆಯಲಿಲ್ಲ ಅವನು.

ಐದೂ ಮುಕ್ಕಾಲಿಗೆ, ನನ್ನ ಬಾಗಿಲಿಂದ ನಾಲ್ಕು ಬೀದಿ ಆಚೆ,
ಕಾರಿನ ಹಿಂದಿನ ದೀಪ ಒಡೆದಿತ್ತಂತೆ.
ಕೆಳಗಿಳಿ ಅಂದನಂತೆ ಕೊವಾಚ್. ಇಳಿದನಂತೆ.
ಕೈಯಲ್ಲೇನೋ ಇತ್ತಂತೆ.
ಗುಂಡು ಮೂರು. ಅದಕ್ಕೊಂದಕ್ಕೆ 'ಅಂತೆ' ಇಲ್ಲ,
ಇಸ್ತ್ರಿ ಹಿಡಿದೇ ಕೇಳಿದ್ದೆ. ಟೈರ್ ಅಂಗಡಿಯ ಸದ್ದೆಂದುಕೊಂಡು
ಅವನ ಎಡತೋಳಿನ ಗೆರೆ ಮುಗಿಸಿದೆ.

ಆ ರಾತ್ರಿ ಹೊಗೆ ನಮ್ಮ ಬೀದಿಗೆ ಕೇಳದೆ ನುಗ್ಗಿತು.
ನನ್ನ ಗಾಜಿಗೆ ಬಿದ್ದ ಕಲ್ಲು ಯಾರದೆಂದು ಗೊತ್ತು,
ಅವನ ಮದುವೆಯ ಕೋಟು ಸರಿಮಾಡಿದ್ದು ನಾನೇ. ಹೆಸರು ಹೇಳುವುದಿಲ್ಲ.
ಗುರಾಣಿಗೆ ಲಾಠಿ ಕುಟ್ಟುತ್ತ ಹೆಲ್ಮೆಟ್ಟುಗಳ ಸಾಲು ಬಂತು.
ನಮ್ಮ ಹುಡುಗರು ಕೈಯೆತ್ತಿ ನಿಂತರು. ಬರಿಗೈ.
ಬರಿದೆಂದರೆ ಯಾರೂ ನಂಬದ ಬಣ್ಣದ ಕೈ.
ಹೇಳಬಾರದು, ಆದರೂ ಹೇಳುತ್ತೇನೆ:
ಆ ಸಾಲಿನಲ್ಲಿ ಗೆರೆ ಚೂಪಾದ ಪ್ಯಾಂಟು ಎಣಿಸುತ್ತಿದ್ದೆ.
ಹನ್ನೊಂದು. ನನ್ನ ಕೈಕೆಲಸ.

ಮೂರನೆಯ ದಿನ ಅರ್ಲೀನ್ ಬಂದಳು, ಮಗನ ಸೂಟಿಗೆ.
ಚೀಟಿ ಇರಲಿಲ್ಲ ಅವಳಲ್ಲಿ.
ಚೀಟಿ ಪೊಲೀಸರ ಪ್ಲಾಸ್ಟಿಕ್ ಚೀಲದಲ್ಲಿತ್ತು.
ಹುಡುಗನ ಬಲಗೈಯಲ್ಲಿ ಅವರು ಕಂಡದ್ದು ಅದನ್ನೇ,
ಹಳದಿ, ಎರಡಿಂಚು ಅಗಲ, ಒಂದು ಅಂಚು ಹರಿದದ್ದು.
ಅರ್ಲೀನ್ ತಲೆಯೆತ್ತಿ ಬೋರ್ಡು ಓದಿದಳು,
ನಿಧಾನವಾಗಿ, ಈಗಷ್ಟೇ ಅಕ್ಷರ ಕಲಿತವಳ ಹಾಗೆ.

ಸೂಟು ಇಳಿಸಿದೆ. ಮಡಿಸಲು ಹೋದೆ.
ಮಡಿದವನ ಬಟ್ಟೆ ಹೇಗೆ ಮಡಿಸುತ್ತಾರೆ?
ಎರಡೂ ತೋಳು ಎದೆಯ ಮೇಲೆ ತರಬೇಕು,
ದಿನಕ್ಕೆ ನೂರು ಸಲ ತರುತ್ತೇನೆ,
ಅವತ್ತು ತರಲಾಗಲಿಲ್ಲ.
ಅವಳೇ ತೋಳನ್ನು ಗೇಣಿನಲ್ಲಿ ಅಳೆದಳು. ಸರಿಯಾಗಿದೆ, ಎಂದಳು.
ಒಂಬತ್ತು ಡಾಲರ್ ಎಣಿಸಿಟ್ಟಳು. ಬೇಡವೆಂದೆ.
ಅವನ ಹೆಸರಲ್ಲಿ ಬಾಕಿ ಇರಬಾರದು, ಎಂದಳು.

ಕೊವಾಚನ ಮೂರು ಜೊತೆ ಇನ್ನೂ ತೂಗುತ್ತಿವೆ.
ಪೆಡಲ್ ಒತ್ತಿದಾಗಲೆಲ್ಲ ಸುತ್ತು ಬರುತ್ತವೆ,
ಪ್ಲಾಸ್ಟಿಕ್ಕಿನೊಳಗೆ ಉಸಿರೆಳೆದಂತೆ ಉಬ್ಬಿ, ದಾಟಿ ಹೋಗುತ್ತವೆ.
ಒಂದರಲ್ಲಿ ಗುಂಡಿ ಸಡಿಲವಿತ್ತು. ಒಂದು ರಾತ್ರಿ ಕತ್ತರಿ ಹಿಡಿದು ಕೂತಿದ್ದೆ.
ಹೊಲಿದೆನೋ ಕತ್ತರಿಸಿದೆನೋ, ಕೇಳಬೇಡಿ.

ನಿನ್ನೆ ನಗರಸಭೆಯ ವಕೀಲ ಬಂದಿದ್ದ, ಒಳ್ಳೆಯ ಉಣ್ಣೆಯ ಕೋಟು.
ನಿಮ್ಮ ಬುಕ್ಕಿನ ಅರ್ಧಚೀಟಿ ಬೇಕು, ಎಂದ,
ಅಂಚಿಗೆ ಅಂಚು ಕೂಡುತ್ತದೋ ನೋಡಬೇಕು.
ತೆರೆದೆ. ನನ್ನದೇ ಬರಹ:
ಕಡುನೀಲಿ. ತೋಳು ಇಳಿಸುವುದು. ಶುಕ್ರವಾರ.
ಅವನು ಕೈ ಚಾಚಿದ.
ಬೆರಳು ಮೇಲೆ ಮಾಡಿ ಬೋರ್ಡು ತೋರಿಸಿದೆ.
ಇನ್ನರ್ಧ ತನ್ನಿ, ಎಂದೆ. ಮೊದಲು ಅದನ್ನು ತನ್ನಿ.